ಅಟ್ಟದ ಹುಡುಗನ ಕತೆಯನ್ನು ಕ್ಲಾಸಿನಲ್ಲಿ ಹೇಳುವುದು ಹೇಗೆ

ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯ ಕನ್ನಡ ಮೀಡಿಯಂ ಮಕ್ಕಳಿಗೆ ಎರಡನೇ ಮಹಾಯುದ್ಧದ ಪಾಠ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಜಿಗಳು ಕೊಂದ ಯೆಹೂದಿ ಮಕ್ಕಳು ಸುಮಾರು 15 ಲಕ್ಷ. ಆದರೆ ಅಲ್ಲಿಂದ ಶುರುಮಾಡಬೇಡಿ, ಹುಡುಗರು ಅದನ್ನು ಪರೀಕ್ಷೆಗೆ ಅಂತ ಬರೆದುಕೊಂಡು ಸುಮ್ನೆ ಕೂರುತ್ತಾರೆ.

ಅಟ್ಟದಿಂದ ಶುರುಮಾಡಿ. ಅಡಿಕೆ ಚೀಲ, ಹಳೇ ಪಾತ್ರೆ, ಹಂಚಿನ ಕಾವು ಎಲ್ಲ ಅವರಿಗೆ ಗೊತ್ತು. ಈಗಿನ ಉಕ್ರೇನಿನ ಒಂದು ಹಳ್ಳಿಶಾಲೆಯ ಅಟ್ಟದಲ್ಲಿ ರೋಆಲ್ಡ್ ಹಾಫ್‌ಮನ್ ಎಂಬ ಐದು ವರ್ಷದ ಯೆಹೂದಿ ಹುಡುಗ 1943ರಿಂದ ಒಂದು ವರ್ಷಕ್ಕೂ ಜಾಸ್ತಿ ಅಮ್ಮನ ಜೊತೆ ಅಡಗಿದ್ದ. ಅಡಗಿಸಿದ್ದು ಅಲ್ಲಿನ ಮಾಷ್ಟ್ರು. ಅಪ್ಪನನ್ನು ನಾಜಿಗಳು ಕೊಂದರು. ಅಟ್ಟದಲ್ಲಿ ಬಿದ್ದಿದ್ದ ಪಾಠಪುಸ್ತಕಗಳನ್ನೇ ಹಿಡಿದು ಅಮ್ಮ ಅವನಿಗೆ ಓದು ಕಲಿಸಿದಳು, ಭೂಗೋಳ ಬಾಯಿಪಾಠ ಮಾಡಿಸಿ ಪ್ರಶ್ನೆ ಕೇಳಿದಳು. 1981ರಲ್ಲಿ ಅವನಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅದನ್ನು ಒಂದೇ ಮಾತಲ್ಲಿ ಮುಗಿಸಿ, ಭೂಗೋಳದ ಹತ್ತಿರವೇ ನಿಲ್ಲಿ: ಹೊರಗೆ ಕಾಲಿಡುವ ಹಾಗಿಲ್ಲದ ಮಗುವಿಗೆ ಆ ಅಮ್ಮ ಊರುಗಳ ಹೆಸರು ಯಾಕೆ ಕಲಿಸಿದಳು ಅಂತ ಕೇಳಿ. ಉತ್ತರ ಅವರೇ ಹೇಳಲಿ.

ಆಮೇಲೆ ಹೆಸರಿನ ವಿಷಯ. ನಾಜಿಗಳಿಂದ ಬಚ್ಚಿಡಲು ಎಷ್ಟೋ ಯೆಹೂದಿ ಮಕ್ಕಳ ಹೆಸರು ಬದಲಿಸಿ, ಕ್ರೈಸ್ತ ಮಕ್ಕಳೆಂದು ಹೇಳಿ ಬೇರೆಯವರ ಮನೆಗಳಲ್ಲಿ ಇಟ್ಟಿದ್ದರು. ಮನೆಯಲ್ಲಿ ತುಳು, ಕ್ಲಾಸಲ್ಲಿ ಕನ್ನಡ, ಬಸ್ಸಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. 'ನಮ್ಮ ಹಾಗೇ ಅಲ್ವಾ ಟೀಚರೇ' ಅಂದರೆ ಅಲ್ಲೇ ತಿದ್ದಿ. ನಿನ್ನ ಮಲಯಾಳ ತಪ್ಪಿದರೆ ನಗುತ್ತಾರೆ ಅಷ್ಟೇ, ಆ ಮಕ್ಕಳಿಗೆ ಹೊಸದಾಗಿ ಕಲಿತ ಕ್ರೈಸ್ತ ಪ್ರಾರ್ಥನೆ ತಪ್ಪಿದರೆ ಜೀವಕ್ಕೇ ಕುತ್ತು. ಪೋಲೆಂಡಿನ ವಾರ್ಸಾದಲ್ಲಿ ಯೆಹೂದಿ ಮಕ್ಕಳನ್ನು ಗುಟ್ಟಾಗಿ ಪಾರುಮಾಡಿದ ಇರೇನಾ ಸೆಂಡ್ಲರ್ ಎಂಬ ಸಮಾಜಸೇವಕಿ ಆ ಮಕ್ಕಳ ನಿಜವಾದ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಹೂತಿಟ್ಟರು, ಯುದ್ಧ ಮುಗಿದ ಮೇಲೆ ಹೆತ್ತವರಿಗೆ ಸೇರಿಸಬೇಕು ಅಂತ. ಹೆಚ್ಚಿನ ಹೆತ್ತವರು ಉಳಿದಿರಲಿಲ್ಲ.

ನಾಟಕ ಮಾತ್ರ ಬೇಡ. ನಾನೊಮ್ಮೆ ಕಿಟಕಿ ಮುಚ್ಚಿ ಹತ್ತು ನಿಮಿಷ ಮಾತಾಡದೆ ಕೂರಿಸಿದೆ. ಹಿಂದಿನ ಬೆಂಚಿನವರು ಕಿಸಕ್ಕೆಂದರು, ಒಬ್ಬಳು ಅತ್ತಳು, ಯಾರಿಗೂ ಏನೂ ತಿಳಿಯಲಿಲ್ಲ. ತಪ್ಪು ನನ್ನದೇ.

'ಎಷ್ಟು ಗಟ್ಟಿ ಮಕ್ಕಳು' ಅಂತ ಹೊಗಳಿ ಮುಗಿಸುವುದೂ ಬೇಡ. ಯುದ್ಧದ ನಂತರ ದೊಡ್ಡವರು ಹೀಗೆ ಅಡಗಿ ಉಳಿದ ಮಕ್ಕಳಿಗೆ 'ನೀವು ನಾಜಿಗಳ ಸೆರೆ ಕ್ಯಾಂಪಿಗೆ ಹೋಗಿಲ್ಲವಲ್ಲ, ಚಿಕ್ಕವರು, ಮರೆಯುತ್ತೀರಿ' ಅಂದರು. ಎಷ್ಟೋ ಜನ ಬಾಯಿ ಬಿಡಲೇ ಇಲ್ಲ. 1991ರಲ್ಲಿ ನ್ಯೂಯಾರ್ಕಿನಲ್ಲಿ ಇಂಥವರೆಲ್ಲ ಮೊದಲ ಸಲ ದೊಡ್ಡದಾಗಿ ಸೇರಿದಾಗ ಹಲವರಿಗೆ ಆಗಲೇ ಐವತ್ತು ದಾಟಿತ್ತು. ಇದಕ್ಕೆ ಬೆಲ್ಲಿಗೆ ಮುಂಚೆ ಹತ್ತು ನಿಮಿಷ ಉಳಿಸಿಕೊಳ್ಳಿ. ಅಟ್ಟದಲ್ಲಿ ಅಡಗಿಸಿದ ಆ ಮಾಷ್ಟ್ರಿಗೆ ಹೆದರಿಕೆ ಆಗಲಿಲ್ವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ.