ಹಂದಿ ಕಾಟ, 10 ಎಂಎಂ ಪಿಸ್ತೂಲು ಮತ್ತು ಮನೆಯ ಜೋಡು ನಳಿಗೆ ಕೋವಿ

ಹೋದ ತಿಂಗಳು ಟೆಕ್ಸಾಸ್‌ನಲ್ಲಿರುವ ತಂಗಿ ಮಗ ಫೋನ್ ಮಾಡಿ, "ಮಾವ, ಹಂದಿ ಶಿಕಾರಿಗೆ ಒಂದು ಪಿಸ್ತೂಲು ತಗೊಳ್ಬೇಕು ಅಂತಿದೀನಿ, ಯಾವುದು ಆಗ್ಬಹುದು?" ಅಂತ ಕೇಳಿದ. ಅದೇ ವಾರ ತೀರ್ಥಹಳ್ಳಿ ಕಡೆಯ ನೆಂಟರೊಬ್ಬರು ಸಿಕ್ಕಿದ್ದರು. ಹಂದಿ ಹೊರಳಾಡಿ ಮಲಗಿಸಿದ ಗದ್ದೆಯ ಫೋಟೊ ತೋರಿಸಿದರು, ಆಮೇಲೆ ಅದೇ ಮೊಬೈಲಿನಲ್ಲಿ ಯಾವುದೋ ದಪ್ಪ ಪಿಸ್ತೂಲಿನ ವಿಡಿಯೊ ತೋರಿಸಿ, ಇಂಥದ್ದು ನಮ್ಮಲ್ಲಿ ಸಿಗುತ್ತಾ ಅಂದರು. ಇಬ್ಬರಿಗೂ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಅಳಿಯನದ್ದು. ಟೆಕ್ಸಾಸ್‌ನಲ್ಲಿ 2019ರಿಂದ, ಜಮೀನಿನ ಮಾಲೀಕ ಒಪ್ಪಿದರೆ ಖಾಸಗಿ ಜಾಗದಲ್ಲಿ ಕಾಡುಹಂದಿ ಹೊಡೆಯಲು ಶಿಕಾರಿ ಲೈಸೆನ್ಸೂ ಬೇಡ. ಆ ಊರಿನ ಕಾನೂನು ಆ ಊರಿಗೆ. ಅವನಿಗೆ ನಾನು ಹೇಳಿದ್ದು 10 ಎಂಎಂ ಆಟೊ. 1983ರಲ್ಲಿ ಬಂದ ತೋಟಾ (ಗುಂಡು, ಮದ್ದು ಎಲ್ಲ ಸೇರಿದ ಕಾರ್ಟ್ರಿಜ್) ಇದು. ಗ್ರೀನ್‌ಲ್ಯಾಂಡ್‌ನಲ್ಲಿ ನಾಯಿಗಾಡಿ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ದಳದವರು ಹಿಮಕರಡಿ ಎದುರಾದರೆ ಇರಲಿ ಅಂತ ಸೊಂಟದಲ್ಲಿ ಇಟ್ಟುಕೊಳ್ಳುವುದು ಇದೇ ತೋಟಾದ ಗ್ಲಾಕ್ 20 ಪಿಸ್ತೂಲು. ಇದಕ್ಕಿಂತ ಜೋರು ಬೇಕು ಅಂದರೆ ಡೆಸರ್ಟ್ ಈಗಲ್ ಇದೆ, .44 ಮ್ಯಾಗ್ನಮ್ ತೋಟಾ ತಿನ್ನುತ್ತದೆ. ಆದರೆ ಖಾಲಿ ಪಿಸ್ತೂಲೇ ಹತ್ತಿರ ಹತ್ತಿರ 2 ಕಿಲೊ. ಅದು ನಡೆಯುವುದು ಗುಂಡಿನ ಹಿಂದಿನ ಗ್ಯಾಸ್ ಒತ್ತಡದಿಂದ, ಹಾಗಾಗಿ ತಾಮ್ರದ ಹೊದಿಕೆ ಇಲ್ಲದ ಬರೀ ಸೀಸದ ಗುಂಡು ಹೊಡೆದರೆ ಗ್ಯಾಸ್ ಹೋಗುವ ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ಬೆಟ್ಟ ಹತ್ತಿ ಇಳಿಯುವವನಿಗೆ ಅದು ಬೇಡ, ಸುಮ್ನೆ ಭಾರ.

ಪಿಸ್ತೂಲು ಕೊಂಡ ಮೇಲೆ ಎಲ್ಲರೂ ಮೊದಲು ಕೈ ಹಾಕುವುದು ಸ್ಪ್ರಿಂಗಿಗೆ. ಈಡು ಹಾರಿದಾಗ ಮೇಲಿನ ಸ್ಲೈಡ್ ಹಿಂದೆ ಬಂದು ಖಾಲಿ ತೋಟಾವನ್ನು ಆಚೆ ಎಸೆಯುತ್ತದೆ, ಒಳಗಿನ ಸ್ಪ್ರಿಂಗು ಅದನ್ನು ಮುಂದೆ ತಳ್ಳಿ ಹೊಸ ತೋಟಾ ಕೂರಿಸುತ್ತದೆ. ಜೋರು ತೋಟಾ ಹಾಕಿದರೆ ಸ್ಲೈಡ್ ಹಿಂದೆ ಬರುವ ರಭಸವೂ ಜಾಸ್ತಿ. ಗ್ಲಾಕ್ 20ಕ್ಕೆ ಕಂಪನಿಯಿಂದ ಬರುವುದು 17 ಪೌಂಡಿನ ಸ್ಪ್ರಿಂಗು, ಬಿರುಸು ತೋಟಾ ಹೊಡೆಯುವವರು 20 ಇಲ್ಲವೇ 22 ಪೌಂಡಿನದ್ದು ಹಾಕಿಕೊಳ್ಳುತ್ತಾರೆ. ಅದಕ್ಕಿಂತ ಬಿಗಿ ಮಾಡಿದರೆ ಬೇರೆ ತಾಪತ್ರಯ ಶುರು. ಸ್ಲೈಡ್ ಪೂರ್ತಿ ಹಿಂದೆ ಬರುವುದಿಲ್ಲ, ಬಂದರೂ ಮ್ಯಾಗಜಿನ್ ಮುಂದಿನ ತೋಟಾವನ್ನು ಎತ್ತಿಕೊಡುವ ಮೊದಲೇ ಮುಚ್ಚಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಮ್ಯಾಗಜಿನ್‌ಗೆ ಒಂದೇ ತೋಟಾ ಹಾಕಿ ಹೊಡೆ, ಸ್ಲೈಡ್ ಹಿಂದೆ ನಿಂತುಕೊಂಡರೆ ಸರಿ, ನಿಲ್ಲದೆ ಮುಚ್ಚಿಕೊಂಡರೆ ಸ್ಪ್ರಿಂಗು ಜಾಸ್ತಿಯಾಯಿತು.

ಆಮೇಲೆ ನಳಿಗೆ. ಹಾರಿದ ಖಾಲಿ ತೋಟಾಗಳನ್ನು ಹೆಕ್ಕಿ ಬುಡ ನೋಡಬೇಕು. ಬುಡದ ಪಕ್ಕ ಒಂದು ಕಡೆ ಉಬ್ಬಿಕೊಂಡು ನಗುವ ಬಾಯಿಯ ಹಾಗೆ ಗೆರೆ ಕಂಡರೆ, ಆ ಜಾಗದಲ್ಲಿ ನಳಿಗೆ ತೋಟಾಗೆ ಸರಿಯಾಗಿ ಆಸರೆ ಕೊಡುತ್ತಿಲ್ಲ ಅಂತ ಅರ್ಥ. ಅಂಥವರು ಬುಡ ಪೂರ್ತಿ ಮುಚ್ಚುವ ಬೇರೆ ನಳಿಗೆ ಹಾಕಿಸುತ್ತಾರೆ. ಹಳೆಯ ತಲೆಮಾರಿನ ಗ್ಲಾಕ್ ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಗೀರುಗಳು ಚೂಪಾಗಿಲ್ಲ, ಎಲ್ಲ ಉರುಟು. ಅದರಲ್ಲಿ ಬರೀ ಸೀಸದ ಗುಂಡು ಹೊಡೆದರೆ ಸೀಸ ಮೆತ್ತಿಕೊಂಡು ಒತ್ತಡ ಏರುತ್ತದೆ. ಗಟ್ಟಿ ಸೀಸದ ಗುಂಡೇ ಬೇಕು ಅನ್ನುವವನಿಗೆ ಇದಕ್ಕೂ ಬೇರೆ ನಳಿಗೆಯೇ ಪರಿಹಾರ.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವ ಜೋರು ಎಷ್ಟು? ಬಿರುಸಾದ 10 ಎಂಎಂ ತೋಟಾದ ಪೆಟ್ಟು ಸುಮಾರು 900 ಜೂಲ್. ನಿಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಇರುವ 12 ಬೋರ್ ಕೋವಿಗೆ ಒಂದು ಔನ್ಸಿನ ಒಂಟಿ ಗುಂಡಿನ ತೋಟಾ ಹಾಕಿದರೆ 3,000 ಜೂಲ್ ದಾಟುತ್ತದೆ. ಮೂರು ಪಟ್ಟಿಗೂ ಜಾಸ್ತಿ! ಅಷ್ಟು ಹೇಳಿದ ಮೇಲೆ ನಮ್ಮ ನೆಂಟರು ಮೊಬೈಲ್ ಜೇಬಿಗೆ ಹಾಕಿದರು.

ಇನ್ನು ನಮ್ಮ ಕಡೆಯ ವಿಷಯ. 1959ರ ಆಯುಧ ಕಾಯ್ದೆ ಬೆಳೆ ರಕ್ಷಣೆಗೆ ಅಂತ ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲುವುದಿಲ್ಲ ಅಂತ ಲೈಸೆನ್ಸ್ ಕೊಡುವವರಿಗೆ ಮನವರಿಕೆಯಾದರೆ 20 ಇಂಚಿಗೆ ಕಮ್ಮಿಯಿಲ್ಲದ ನಳಿಗೆಯ, ಒಳಗೆ ಗೀರಿಲ್ಲದ ತೋಟಾ ಕೋವಿ ಸಿಗಬಹುದು. ಪಿಸ್ತೂಲಿನ ಮಾತೇ ಅಲ್ಲಿಲ್ಲ. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಲ್ಲಿ ಎರಡೇ ಆಯುಧ, ಲೈಸೆನ್ಸ್ ಅವಧಿ 5 ವರ್ಷ. ಇನ್ನೊಂದು ಮಾತು, ಇದನ್ನು ಎಷ್ಟು ಜನ ಮರೆಯುತ್ತಾರೋ: ಕೋವಿ ಲೈಸೆನ್ಸ್ ಅಂದರೆ ಶಿಕಾರಿ ಲೈಸೆನ್ಸ್ ಅಲ್ಲ. ಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಪಟ್ಟಿಯಲ್ಲಿದೆ, ಕಾಟಿ (ಕಾಡುಕೋಣ) ಮತ್ತು ಆನೆ ಮೊದಲನೇ ಪಟ್ಟಿಯಲ್ಲಿ. ತೋಟಕ್ಕೆ ಬಂದಿತ್ತು ಅಂತ ಲಿಖಿತ ಅನುಮತಿ ಇಲ್ಲದೆ ಹಂದಿ ಹೊಡೆದರೂ ಕೇಸು ಕೇಸೇ. ಕೋವಿಯ ಕೆಲಸ ಹೆಚ್ಚಿನ ಮನೆಗಳಲ್ಲಿ ಸದ್ದು ಮಾಡುವುದು, ಅಷ್ಟೇ.

ಹಾಗಾದರೆ ಯಾವ ಕೋವಿ? ಬಾಯಿಂದ ಮದ್ದು ತುಂಬಿ, ಕೇಪು ಅನ್ನುವ ಸಣ್ಣ ಕಿಡಿ ಟೋಪಿ ಇಟ್ಟು ಹೊಡೆಯುವ ಕೇಪಿನ ಕೋವಿ ಅಗ್ಗ, ಸದ್ದು ಭರ್ಜರಿ. ಆದರೆ ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿದು ಬೇಕಾದಾಗ ಹಾರುವುದಿಲ್ಲ. ಅದಕ್ಕಿಂತ ಅಪಾಯದ್ದು, ತುಂಬಿದ್ದು ಮರೆತು ಮೇಲೆ ಇನ್ನೊಂದು ಸಲ ತುಂಬುವುದು. ಇದಕ್ಕೆ ನಮ್ಮಪ್ಪ ಮಾಡಿದ್ದ ಉಪಾಯವೇ ಇವತ್ತಿಗೂ ಸರಿ. ಮದ್ದು ಒತ್ತುವ ಗಜದ ಕಡ್ಡಿಯನ್ನು ಖಾಲಿ ನಳಿಗೆಗೆ ಇಳಿಸಿ, ನಳಿಗೆಯ ಬಾಯಿ ಮಟ್ಟಕ್ಕೆ ಚಾಕುವಿನಿಂದ ಒಂದು ಕಚ್ಚು ಹಾಕಿದ್ದರು. ತುಂಬಿದ ಮೇಲೆ ಇಳಿಸಿ, ಅದಕ್ಕೆ ಇನ್ನೊಂದು ಕಚ್ಚು. ಯಾವಾಗ ಬೇಕಾದರೂ ಗಜ ಇಳಿಸಿದರೆ ಒಳಗೆ ಏನಿದೆ ಅಂತ ಗೊತ್ತಾಗುತ್ತಿತ್ತು. ಕೇಪು ತೆಗೆದಿಟ್ಟೇ ಇಳಿಸಬೇಕು, ಬಾಯಿಗೆ ಮುಖ ಒಡ್ಡಬಾರದು, ಅದನ್ನು ಬೇರೆ ಹೇಳಬೇಕಾಗಿಲ್ಲ ತಾನೆ.

ತೋಟಾ ಕೋವಿ ಕೊಳ್ಳುವವರು ಹೆಚ್ಚಾಗಿ ಹಳೆಯದನ್ನೇ ಕೊಳ್ಳುತ್ತಾರೆ. ಹಳೆಯದು ನೋಡುವಾಗ ಅವಸರ ಬೇಡ. ಕೋವಿಯನ್ನು ಕೀಲಿನಲ್ಲಿ ಮಡಿಚಿ ತೆರೆದು, ಎರಡೂ ನಳಿಗೆ ಖಾಲಿ ಅಂತ ಕಣ್ಣಾರೆ ನೋಡಿ, ಆಮೇಲೆ ನಳಿಗೆ ಕಳಚಿಕೊಂಡು ಟ್ಯೂಬ್‌ಲೈಟ್ ಕಡೆಗೆ ಹಿಡಿದು ಒಳಗೆ ಇಣುಕಬೇಕು. ಬೆಳಕಿನ ಬಳೆಗಳು ಒಂದರ ಹಿಂದೆ ಒಂದು ಉರುಟಾಗಿ ಕಂಡರೆ ನಳಿಗೆ ನೆಟ್ಟಗಿದೆ, ಯಾವುದಾದರೂ ಬಳೆ ಸೊಟ್ಟಗಾದರೆ ಅಲ್ಲಿ ತಗ್ಗು ಬಿದ್ದಿದೆ. ಕೊಕ್ಕೆಯಿಂದ ನಳಿಗೆ ತೂಗುಹಾಕಿ ಬೆರಳಿನ ಗೆಣ್ಣಿನಿಂದ ತಟ್ಟಿ. ಗಂಟೆಯ ಹಾಗೆ ಕೂಗಬೇಕು. ಒಡೆದ ಮಡಕೆಯ ಸದ್ದು ಬಂದರೆ ಎರಡು ನಳಿಗೆಗಳ ನಡುವಿನ ಬೆಸುಗೆ ಬಿಟ್ಟಿರುತ್ತದೆ. ಹಿಡಿ ಸಣ್ಣಗಾಗುವ ಜಾಗದಲ್ಲಿ ಮರ ಸೀಳಿದೆಯಾ ನೋಡಿ, ಅಲ್ಲಿ ಮೇಣ ತುಂಬಿ ಪಾಲಿಶ್ ಹೊಡೆದು ಮಾರುವವರಿದ್ದಾರೆ.

ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ಚಿತ್ತಾರ ಇದ್ದರೆ ನೋಡಲು ಬಲು ಚಂದ. ಅದು ಡಮಾಸ್ಕಸ್ ನಳಿಗೆ, ಕಪ್ಪು ಮದ್ದಿನ ಕಾಲದ್ದು. ಈಗಿನ ತೋಟಾ ಹಾಕಬೇಡಿ, ಗೋಡೆಗೆ ಹಾಕಿ.

ತೋಟಾ ಕೂರುವ ಕೋಣೆಯ ಉದ್ದವನ್ನು ಅಂಗಡಿಯವರ ಕೈಲಿ ಅಳತೆ ಮಾಡಿಸಲೇಬೇಕು. ಹಳೆಯ ಇಂಗ್ಲಿಷ್ ಕೋವಿಗಳು ಎಷ್ಟೋ 65 ಮಿಲಿಮೀಟರಿನವು, ಈಗಿನ ಸಾಮಾನ್ಯ ತೋಟಾ 70. ತಮಾಷೆ ಏನೆಂದರೆ 70ರ ತೋಟಾ 65ರ ಕೋಣೆಯಲ್ಲಿ ಆರಾಮಾಗಿ ಕೂರುತ್ತದೆ, ಯಾಕೆಂದರೆ ಅದರ ಮೂತಿ ಮಡಿಚಿರುತ್ತದೆ. ಹಾರುವಾಗ ಮೂತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಮನೆಯಲ್ಲಿ 20 ಬೋರಿನದ್ದೂ ಇದ್ದರೆ (ಬೋರ್ ಅಂಕಿ ಜಾಸ್ತಿಯಾದಷ್ಟು ನಳಿಗೆಯ ತೂತು ಸಣ್ಣ) ಎರಡರ ತೋಟಾವನ್ನು ಒಂದೇ ಡಬ್ಬದಲ್ಲಿ ಹಾಕಬೇಡಿ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದೆ ಇನ್ನೊಂದು ಹಾಕಿ ಹೊಡೆದರೆ ನಳಿಗೆ ಒಡೆದು ಎಡಗೈ ಹೋಗುತ್ತದೆ. 20 ಬೋರ್ ತೋಟಾಗೆ ಹಳದಿ ಬಣ್ಣ ಕೊಡುವುದು ಇದಕ್ಕೇ.

ಕೊಂಡದ್ದಾಯಿತು, ಇನ್ನು ಸುಧಾರಣೆ. ನನ್ನ ಕೇಳಿದರೆ ದುಡ್ಡು ಹಾಕಬೇಕಾದ ಮೊದಲ ಜಾಗ ಹಿಡಿಯ ತುದಿಯ ರಬ್ಬರ್. ನನ್ನ ಕೋವಿಯ ಹಿಡಿ ಅಜ್ಜನ ಕೈಗೆ ಮಾಡಿಸಿದ್ದು, ಅವರು ಆಳು ಗಿಡ್ಡ. ಮೊಣಕೈ ಮಡಿಚಿ ಹಿಡಿಯ ಬುಡವನ್ನು ಮಡಿಕೆಗೆ ಒತ್ತಿದರೆ ಬೆರಳ ತುದಿ ಟ್ರಿಗರಿಗೆ ಹಿತವಾಗಿ ಸಿಗಬೇಕು. ನನ್ನ ಬೆರಳು ಟ್ರಿಗರ್ ದಾಟಿ ಒಂದು ಇಂಚು ಆಚೆ ಹೋಗುತ್ತಿತ್ತು. ಪ್ರತಿ ಈಡಿಗೂ ಹೆಬ್ಬೆರಳ ಗೆಣ್ಣು ಬಂದು ಮೂಗಿಗೆ ಗುದ್ದುತ್ತಿತ್ತು, ವರ್ಷಗಟ್ಟಲೆ ಅದು ಕೋವಿಯ ಗುಣ ಅಂದುಕೊಂಡಿದ್ದೆ. ಇಂಚು ದಪ್ಪದ ರಬ್ಬರ್ ಕೂರಿಸಿದ ಮೇಲೆ ಮೂಗೂ ಉಳಿಯಿತು, ಭುಜವೂ ಉಳಿಯಿತು.

ಎರಡನೆಯದು, ಯಾವ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ನಿಮ್ಮ ನಳಿಗೆಗೆ ಒಗ್ಗುತ್ತದೆ ಅಂತ ತಿಳಿಯುವುದು. ರೈಫಲ್ ಕ್ಲಬ್ಬಿನ ರೇಂಜಿನಲ್ಲಿ ದೊಡ್ಡ ಕಾಗದ ಕಟ್ಟಿ 40 ಗಜ ದೂರದಿಂದ ಒಂದೊಂದು ಈಡು ಹೊಡೆದು, 30 ಇಂಚಿನ ವೃತ್ತ ಎಳೆದು ತೂತು ಎಣಿಸಿ. ಎಡ ನಳಿಗೆ, ಬಲ ನಳಿಗೆ ಬೇರೆ ಬೇರೆ. ನಳಿಗೆ ಕತ್ತರಿಸಿ ಗಿಡ್ಡ ಮಾಡುವ ಯೋಚನೆ ಮಾತ್ರ ಬೇಡವೇ ಬೇಡ, ಅದು ಅಪರಾಧ. ರಿಪೇರಿಯೂ ಲೈಸೆನ್ಸ್ ಇರುವ ಅಂಗಡಿಯಲ್ಲೇ. ಊರ ಬೆಸುಗೆಯವನು ಎಷ್ಟೇ ಚುರುಕಿರಲಿ, ಅವನ ಹತ್ತಿರ ಒಯ್ಯಬೇಡಿ.

ಇದೆಲ್ಲಕ್ಕಿಂತ ದೊಡ್ಡ ಶತ್ರು ಮಳೆ. ಆಗುಂಬೆಯಲ್ಲಿ ವರ್ಷದ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ, ಜುಲೈನಲ್ಲಿ ಚಪ್ಪಲಿಗೂ ಬೂಸ್ಟು ಬರುವ ಊರುಗಳು ನಮ್ಮವು. ಕೋವಿಯನ್ನು ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಎರಡೇ ವಾರಕ್ಕೆ ತುಕ್ಕು. ಕೊಬ್ಬರಿ ಎಣ್ಣೆ ಸವರಬೇಡಿ, ಅಂಟಾಗಿ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ. ಕೋವಿ ಎಣ್ಣೆ ಇಲ್ಲದಿದ್ದರೆ ಹೊಲಿಗೆ ಮಿಷನ್ನಿನ ಎಣ್ಣೆಯೇ ವಾಸಿ, ತೆಳ್ಳಗೆ ಒಂದು ಕೈ. ಕೇಪಿನ ಕೋವಿಯಾದರೆ ಹೊಡೆದ ದಿನವೇ ಬಿಸಿ ಸೋಪು ನೀರು ಹಾಕಿ ನಳಿಗೆ ತೊಳೆಯಬೇಕು, ಕಪ್ಪು ಮದ್ದಿನ ಬೂದಿ ನೀರು ಎಳೆದುಕೊಂಡು ರಾತ್ರಿ ಕಳೆಯುವಷ್ಟರಲ್ಲಿ ಕಬ್ಬಿಣ ತಿನ್ನುತ್ತದೆ. ತೋಟಾಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುವ ಪದ್ಧತಿ ಇತ್ತು, ಬೆಂಕಿಯ ನೆತ್ತಿ ಮೇಲೆ ಮದ್ದು! ಸ್ಟೀಲ್ ಡಬ್ಬಕ್ಕೆ ಹಾಕಿ, ಒಂದು ಬಟ್ಟೆಗಂಟಿನಲ್ಲಿ ಹುರಿದ ಅಕ್ಕಿ ಇಟ್ಟು, ಕೋವಿಯಿಂದ ಬೇರೆ ಕಪಾಟಿನಲ್ಲಿ ಬೀಗ ಹಾಕಿ.

ಚುನಾವಣೆ ಬಂದಾಗ ಕೋವಿ ಜಮೆ ಮಾಡುತ್ತೇವಲ್ಲ, ಕೊಡುವ ಮುಂಚೆ ಒಳಗೆ ಹೊರಗೆ ಎಣ್ಣೆ ಸವರಿ, ರಸೀದಿಯಲ್ಲಿ ನಂಬರ್ ಸರಿಯಿದೆಯಾ ನೋಡಿಕೊಳ್ಳಿ. ವಾಪಸ್ ತಂದ ದಿನ ಮೊದಲು ಮಾಡಬೇಕಾದ್ದು ನಳಿಗೆಯಲ್ಲಿ ಇಣುಕುವುದು. ಒಂದು ಸಲ ನನ್ನ ಬಲ ನಳಿಗೆಯಲ್ಲಿ ಬೆಳಕೇ ಕಾಣಲಿಲ್ಲ. ಕಡ್ಡಿ ಹಾಕಿ ತಳ್ಳಿದರೆ ಹೆಬ್ಬೆರಳು ಗಾತ್ರದ ಮಣ್ಣಿನ ಗೂಡು ಬಿತ್ತು, ಒಳಗೆ ಕಣಜದ ಮರಿ, ಅದರ ಊಟಕ್ಕೆ ಅಂತ ಕಟ್ಟಿಟ್ಟ ನಾಲ್ಕು ಹಸಿರು ಜೇಡ. ಆ ನಳಿಗೆಯಲ್ಲಿ ಈಡು ಹಾರಿಸಿದ್ದರೆ ಇದನ್ನು ಬರೆಯಲು ಕೈ ಇರುತ್ತಿರಲಿಲ್ಲ.