ಮಾತ್ರೆ, ಟೈಮರ್, ಮಳೆ ಪುಸ್ತಕ: ಮರೆವಿನ ಹಿರಿಯರಿಗೆ ನಾನು ಕಲಿಸುವ ರೀತಿ

ಮರೆವು ಶುರುವಾದವರಿಗೆ ಹೊಸದೇನನ್ನೂ ಕಲಿಸಲಾಗದು ಎಂದು ನಮ್ಮ ಕೆಲಸದಲ್ಲಿರುವವರೇ ಹೇಳುತ್ತಿದ್ದರು. ಕಲಿಸಬಹುದು. ಕೊಡಗಿನ ಪೊನ್ನಂಪೇಟೆ, ಗೋಣಿಕೊಪ್ಪ ಕಡೆಯ ತೋಟದ ಮನೆಗಳಲ್ಲಿ ಸ್ಪೇಸ್ಡ್ ರಿಟ್ರೀವಲ್, ಅಂದರೆ ಒಂದೇ ಪ್ರಶ್ನೆಯನ್ನು ಅಂತರ ಹೆಚ್ಚಿಸುತ್ತಾ ಮತ್ತೆ ಮತ್ತೆ ಕೇಳಿ ಉತ್ತರ ನೆನಪಿಸುವುದು, ಮಾಡಿಸುತ್ತಾ ಬಂದಿದ್ದೇನೆ. ಆರಂಭದ ಹಂತದವರಲ್ಲಿ ಹೆಚ್ಚಿನವರು ಎರಡು ಮೂರು ವಾರದಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳುತ್ತಾರೆ. ಕಾಯಿಲೆ ಇದರಿಂದ ನಿಲ್ಲುವುದಿಲ್ಲ. ಬಿಪಿ ಮಾತ್ರೆ ಎರಡೆರಡು ಸಲ ನುಂಗುವುದು ನಿಲ್ಲುತ್ತದೆ, ಮನೆಯವರಿಗೆ ಬೇಕಾದ್ದು ಅದು.

ವಿಧಾನ ಇಷ್ಟೇ: ಉತ್ತರ ಹೇಳಿಕೊಟ್ಟು ತಕ್ಷಣ ಕೇಳಿ, ಆಮೇಲೆ ಅರ್ಧ ನಿಮಿಷ, ಒಂದು, ಎರಡು, ನಾಲ್ಕು, ಎಂಟು ನಿಮಿಷ ಬಿಟ್ಟು ಕೇಳಿ. ಕೆಡುವುದು ಎಲ್ಲೆಲ್ಲಿ ಅಂತಷ್ಟೇ ಬರೆಯುತ್ತೇನೆ.

"ಮಾತ್ರೆ ತಗೊಂಡಾಯ್ತಾ ಅಂತ ಎಲ್ಲಿ ನೋಡ್ತೀರಿ, ಅಜ್ಜ?" ಇದು ಪ್ರಶ್ನೆ. "ಕ್ಯಾಲೆಂಡರ್ ನೋಡ್ತೀನಿ" ಅನ್ನುವುದು ಅರ್ಧ ಉತ್ತರ ಮಾತ್ರ. ಎದ್ದು ಹೋಗಿ ಇವತ್ತಿನ ಚೌಕದ ಮೇಲೆ ಬೆರಳಿಟ್ಟರೆ ಪೂರ್ತಿ. ಬಾಯಲ್ಲಿ ಮಾತ್ರ ಕಲಿತದ್ದು ಬೆಳಗಿನ ಮಾತ್ರೆ ಹೊತ್ತಿಗೆ ಕೈಗೆ ಬರುವುದಿಲ್ಲ. ತಡವರಿಸಿದರೆ "ನೆನಪು ಮಾಡ್ಕೊಳ್ಳಿ" ಅನ್ನಬೇಡಿ. ಊಹಿಸಿ ಹೇಳಿದ ತಪ್ಪೇ ತಲೆಯಲ್ಲಿ ಕೂತುಬಿಡುತ್ತದೆ. ಸರಿ ಉತ್ತರ ನೀವೇ ಕೊಟ್ಟು, ಕೂಡಲೇ ಮತ್ತೆ ಕೇಳಿ, ಕೊನೆಗೆ ಗೆದ್ದ ಅಂತರಕ್ಕೆ ವಾಪಸ್ ಬನ್ನಿ. ಮುಂದಿನ ಸಲ ಹೋದಾಗ ಸುಳಿವು ಕೊಡದೆ ಅದೇ ಪ್ರಶ್ನೆಯಿಂದ ಶುರು ಮಾಡಿ. ಸತತ ಮೂರು ಭೇಟಿಗಳಲ್ಲಿ ಮೊದಲ ಏಟಿಗೇ ಉತ್ತರ ಬಂದರೆ ಮಾತ್ರ ಎರಡನೇ ವಿಷಯ.

ಮಾತ್ರೆ ನುಂಗಿದ ಮೇಲೆ ಆ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಬಾಲ್ ಪೆನ್ನು ಬೇಡ. ಗೋಡೆ ಮೇಲೆ ಬರೆಯುವಾಗ ಶಾಯಿ ಇಳಿಯುವುದಿಲ್ಲ, ಜುಲೈ ತಿಂಗಳ ತೇವದಲ್ಲಿ ಕಾಗದವೂ ಹರಿಯುತ್ತದೆ. ದಪ್ಪ ಸೀಸದ ಪೆನ್ಸಿಲ್ ಅನ್ನು ದಾರ ಕಟ್ಟಿ ಅಲ್ಲೇ ತೂಗುಹಾಕಿ. ಮಾತ್ರೆ ಡಬ್ಬವೂ ಅದರ ಕೆಳಗೇ ಇರಲಿ.

ಹೆಚ್ಚು ಕೆಡಿಸುವುದು ಮಾತಿನ ವ್ಯತ್ಯಾಸ. ಮಗ ಕನ್ನಡದಲ್ಲಿ, ಸೊಸೆ ಕೊಡವ ತಕ್ಕಿನಲ್ಲಿ, ತೋಟದ ಲೆಕ್ಕ ನೋಡುವ ರೈಟರ್ ಇನ್ನೊಂದು ಥರ ಕೇಳಿದರೆ ಮರೆವಿನವರ ಪಾಲಿಗೆ ಅದು ಮೂರು ಬೇರೆ ಪ್ರಶ್ನೆ. ಮನೆಮಾತಿನಲ್ಲಿ ಒಂದೇ ಸಾಲು ಬರೆದು ಕಾರ್ಡನ್ನು ಗೋಡೆಗೆ ಅಂಟಿಸುತ್ತೇನೆ, ಎಲ್ಲರೂ ಅದನ್ನೇ ಓದಿ ಕೇಳಬೇಕು. ಮತ್ತೊಂದು, ಎಂಟು ನಿಮಿಷ ಸುಮ್ಮನೆ ಕೂರಿಸಿದರೆ ಉತ್ತರವನ್ನು ಒಳಗೊಳಗೇ ಜಪಿಸುತ್ತಾರೆ, ಅದು ನೆನಪಲ್ಲ. ಆ ಹೊತ್ತಿಗೆ ಕಾಫಿ ಬೇಳೆಯಲ್ಲಿ ಕಪ್ಪಾದ ಕಾಳು ಆರಿಸುವ ಕೆಲಸ ಕೊಡಿ. ಕೈ ನಡೆಯುತ್ತದೆ, ಮಾತೂ ನಡೆಯುತ್ತದೆ. ಆರಿಸುವ ಕೆಲಸದ ನಡುವೆ ಪ್ರಶ್ನೆಯನ್ನು ನಾನು ಯಾವಾಗ, ಹೇಗೆ ಎಸೆಯುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಫಲಿತಾಂಶ ಬೇಗ ಬರುವುದು ಅದರಿಂದಲೇ.

"ನಾನ್ಯಾರು ಹೇಳಿ ನೋಡೋಣ" ಎಂದು ನೆಂಟರು ಪರೀಕ್ಷೆ ಮಾಡುವುದನ್ನು ಮೊದಲ ದಿನವೇ ನಿಲ್ಲಿಸಿ. ಅದು ತರಬೇತಿಯಲ್ಲ, ಅವಮಾನ. ಆ ದಿನ ಮತ್ತೇನೂ ನಡೆಯುವುದಿಲ್ಲ.

ಇಷ್ಟಕ್ಕೂ ಮುಂಚೆ ಮಾಡಬೇಕಾದ್ದನ್ನು ಬಿಟ್ಟರೆ ಎಲ್ಲ ವ್ಯರ್ಥ. ಮರೆವಿಗೆ ಬೇರೆ ಕಾರಣವೂ ಇರಬಹುದು, ವಿಟಮಿನ್ ಬಿ12, ಥೈರಾಯ್ಡ್, ಸಕ್ಕರೆ, ಬಿಪಿ ನೋಡಿಸಿ. ಪಂದಿಕರಿ ತಿನ್ನುವ ಮನೆಯಲ್ಲಿ ಬಿ12 ಹೇಗೆ ಕಡಿಮೆಯಾಗುತ್ತದೆ ಎಂದು ಕೇಳುತ್ತಾರೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಜೊತೆಗೆ ದಿನಾ ಗ್ಯಾಸಿನ ಮಾತ್ರೆ ನುಂಗಿದರೆ ಮಾಂಸ ತಿನ್ನುವವರಲ್ಲೂ ಇಳಿಯುತ್ತದೆ. ನಿದ್ದೆ ಮಾತ್ರೆ, ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ಸಂಜೆಯ ಕುಡಿತ, ಇವನ್ನೆಲ್ಲ ಪಟ್ಟಿ ಮಾಡಿ ಡಾಕ್ಟರಿಗೆ ತೋರಿಸಿ. ತಾವಾಗಿಯೇ ನಿಲ್ಲಿಸಬಾರದು. ಎರಡು ದಿನದಲ್ಲಿ ದಿಢೀರನೆ ಗೊಂದಲ ಬಂದಿದ್ದರೆ ಅದು ಮೂತ್ರದ ಸೋಂಕೋ ಮತ್ತೊಂದೋ ಇರಬಹುದು, ತರಬೇತಿ ಬದಿಗಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕಿವಿಯ ವಿಷಯ ಬೇರೆಯೇ. ಮರೆವು ಎಂದು ಕರೆದ ಎಷ್ಟೋ ಮನೆಗಳಲ್ಲಿ ಪ್ರಶ್ನೆಯೇ ಕೇಳಿಸಿರುವುದಿಲ್ಲ. ಗುಗ್ಗೆ ತೆಗೆಸಿ, ಬೇಕಿದ್ದರೆ ಯಂತ್ರ ಹಾಕಿಸಿ. ಆದರೆ ನಮ್ಮ ಮಳೆಗಾಲ ಆ ಯಂತ್ರವನ್ನು ಕೊಲ್ಲುತ್ತದೆ. ರಾತ್ರಿ ಸೆಲ್ ತೆಗೆದು, ಯಂತ್ರದ ಸೆಲ್ ಮುಚ್ಚಳ ತೆರೆದಿಟ್ಟು, ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬದಲ್ಲಿಡಿ. ನೀಲಿ ಹರಳು ಗುಲಾಬಿಯಾದರೆ ಬದಲಿಸಿ. ಸೆಲ್ಲನ್ನು ಅದೇ ಡಬ್ಬದಲ್ಲಿಟ್ಟರೆ ಅದು ಒಣಗಿ ಸಾಯುತ್ತದೆ, ಹೊರಗಿಡಿ. ಹೊಸ ಸೆಲ್ಲಿನ ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ.

ದುಡ್ಡಿನ ಮಾತು. ಟೈಮರ್ ಇನ್ನೂರು ಚಿಲ್ಲರೆ, ಕಾರ್ಡು, ಪೆನ್ಸಿಲ್, ಸಿಲಿಕಾ ಎಲ್ಲ ಸೇರಿ ಐನೂರರ ಆಸುಪಾಸು. ದೊಡ್ಡ ಖರ್ಚು ಆಟೋ ಬಾಡಿಗೆ. ರಸ್ತೆಯಿಂದ ಒಳಗಿನ ತೋಟಕ್ಕೆ ಹೋಗಿ ಬರಲು ಮುನ್ನೂರು ನಾನೂರು ಹೋಗುತ್ತದೆ. ಹಾಗಾಗಿ ವಾರಕ್ಕೆ ಎರಡು ಸಲ ನಾನು, ಉಳಿದ ದಿನ ಮನೆಯವರು. ನನ್ನ ಹಣ ನಿಜಕ್ಕೂ ಮುಳುಗಿದ್ದು ಟ್ಯಾಬ್ಲೆಟ್ ಕಂಪ್ಯೂಟರ್ ಮತ್ತು ಮೆದುಳಿನ ಆಟದ ಆ್ಯಪ್ ಚಂದಾದಲ್ಲಿ, ಹದಿನೈದು ಸಾವಿರದ ಹತ್ತಿರ. ಆಟದ ಅಂಕ ಏರಿತು, ಗ್ಯಾಸ್ ಆಫ್ ಮಾಡುವುದು ನೆನಪಾಗಲಿಲ್ಲ. ಇದೇ ಬಗೆಯ ಜಾಹೀರಾತಿಗೆ ಆಧಾರ ಸಾಲದೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಲ್ಯುಮೋಸಿಟಿ ಆ್ಯಪ್‌ನವರಿಂದ 20 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ನೆನಪಿಗೆಂದು ಮಾರುವ ಗಿಂಕೊ ಮಾತ್ರೆಗೂ ದುಡ್ಡು ಸುರಿಯಬೇಡಿ. 3,000ಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಮರೆವಿನ ಕಾಯಿಲೆಯನ್ನು ತಡೆಯಲಿಲ್ಲ. ಒಂದೆಲಗದ ತಂಬುಳಿ ಮಾಡಿ ಉಣ್ಣಿ, ಊಟ ಸೇರುತ್ತದೆ. ಅದನ್ನು ನಂಬಿ ಬಿ12 ಚುಚ್ಚುಮದ್ದು ಬಿಡಬೇಡಿ.

ಇನ್ನೂ ಆರೋಗ್ಯವಾಗಿರುವವರಿಗೆ ನಾನು ಹೇಳುವುದು ಫಿನ್ಲೆಂಡಿನ ಫಿಂಗರ್ ಅಧ್ಯಯನದ ದಾರಿ. ಅಲ್ಲಿ ಸುಮಾರು 1,260 ಜನರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷ ಊಟ, ವ್ಯಾಯಾಮ, ಮೆದುಳಿನ ತರಬೇತಿ, ಬಿಪಿ ನಿಗಾ ಎಲ್ಲವನ್ನೂ ಒಟ್ಟಿಗೇ ಕೊಟ್ಟರು. ಒಂದನ್ನೇ ಹಿಡಿದು ಕೂರಬೇಡಿ. ನಡೆಯುತ್ತಾ ಹಳೆಯ ಮನೆಹೆಸರು ಹೇಳಿಸುವುದು ಚೆನ್ನಾಗಿದೆ, ಆದರೆ ಪಾಚಿ ಹಿಡಿದ ಅಂಗಳದಲ್ಲಿ ಬೇಡ. ಮಾತಿಗೆ ಗಮನ ಹೋದಾಗಲೇ ಕಾಲು ಜಾರುವುದು. ಮಳೆಗಾಲದಲ್ಲಿ ಉದ್ದ ಜಗಲಿ ಸಾಕು.

ಈಚೆಗೆ ಮಳೆ ಪುಸ್ತಕವನ್ನೂ ಸೇರಿಸಿಕೊಂಡಿದ್ದೇನೆ. ತೋಟದ ಮನೆಯಲ್ಲಿ ಮಳೆಮಾಪಕ ಹೇಗೂ ಇರುತ್ತದೆ. ಬೆಳಗ್ಗೆ ಅಜ್ಜನೇ ಅಳತೆ ಓದಿ ಇಂಚು ಸೆಂಟ್ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್) ಬರೆಯಬೇಕು. ಬರೆದು ಪುಸ್ತಕ ಮುಚ್ಚಿ ತಿಂಡಿಗೆ ಕೂರಬೇಕು, ತಿಂಡಿ ಮುಗಿದ ಮೇಲೆ ಕೇಳಬೇಕು, ಪಕ್ಕದ ತೋಟಕ್ಕೆ ಫೋನ್ ಮಾಡಿ ಅವರ ಲೆಕ್ಕದೊಂದಿಗೆ ಹೋಲಿಸಬೇಕು. ಒಂದು ಇಂಚು 45 ಸೆಂಟ್ ಮಳೆ ಎಂಬುದನ್ನು ಊಟದ ಹೊತ್ತಿನವರೆಗೂ ಹಿಡಿದಿಡುವವರಿದ್ದಾರೆ. ಮಳೆಯಿಲ್ಲದ ತಿಂಗಳುಗಳಲ್ಲಿ ಇದು ನಡೆಯದು. ಆಗ ಕಣದಲ್ಲಿ ಒಣಗಿದ ಕಾಫಿಯ ಮೂಟೆ ಲೆಕ್ಕವನ್ನು ಇದೇ ರೀತಿ ಕೇಳುತ್ತೇನೆ. ಕುಯ್ಲಿನ ಗಡಿಬಿಡಿಯಲ್ಲಿ ಮನೆಯವರಿಗೆ ಪುರುಸೊತ್ತಿಲ್ಲದಿದ್ದರೆ ಕಾರ್ಡನ್ನು ರೈಟರ್ ಕೈಗೆ ಕೊಟ್ಟು ಕೇಳಿಸಬಹುದು.