ಭಾನುವಾರ ತಪ್ಪಿಸಿ ಹೊರಡಿ: ಲೂಯಿಸ್ ದ್ವೀಪದ ಕಡಲಂಚಿನ ಹಳ್ಳಿಗೆ ಹೋಗುವುದು ಹೇಗೆ?

ಸ್ಕಾಟ್ಲೆಂಡ್ ಅಂದ ಕೂಡಲೇ ನಮ್ಮವರು ಎಡಿನ್‌ಬರಾ ನೋಡಿ, ಸ್ಕೈ ದ್ವೀಪಕ್ಕೆ ಒಂದು ಬಸ್ ಟೂರ್ ಮಾಡಿ ವಾಪಸ್ ಬರುತ್ತಾರೆ. ಅದು ತಪ್ಪೇನಲ್ಲ. ಆದರೆ ಮೂರ್ನಾಲ್ಕು ದಿನ ಜಾಸ್ತಿ ಇದ್ದರೆ ಇನ್ನೂ ವಾಯವ್ಯಕ್ಕೆ, ಲೂಯಿಸ್ ದ್ವೀಪಕ್ಕೆ ಹೋಗಿ. ಅದರ ಪಶ್ಚಿಮ ಕರಾವಳಿಯಲ್ಲಿ ಗ್ಯಾರೆನಿನ್ ಎಂಬ ಪುಟ್ಟ ಹಳ್ಳಿ ಇದೆ. ಕಲ್ಲಿನ ಗೋಡೆ, ಹುಲ್ಲಿನ ಚಾವಣಿ, ಎದುರಿಗೆ ಅಟ್ಲಾಂಟಿಕ್.

ಕನ್ನಡಿಗರಿಗೆ ಈ ದ್ವೀಪದ ನಂಟು ಹೊಸದಲ್ಲ. ನಮ್ಮ ಊರೂರಿನ ಕೈಫಿಯತ್ತುಗಳನ್ನು, ಅಂದರೆ ಊರಿನ ಚರಿತ್ರೆಯ ಬರಹಗಳನ್ನು, ಶಾಸನಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಇಲ್ಲಿನ ದೊಡ್ಡ ಊರು ಸ್ಟೋರ್ನೊವೇಯಲ್ಲಿ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಈತನೇ ಆಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಟಿಕೆಟ್ ಬುಕ್ ಮಾಡುವ ಮೊದಲು ಭಾನುವಾರ ಎಲ್ಲಿ ಬೀಳುತ್ತದೆ ನೋಡಿ. ಲೂಯಿಸ್‌ನ ಜನ ಭಾನುವಾರವನ್ನು ದೇವರ ದಿನವೆಂದು ಕಟ್ಟುನಿಟ್ಟಾಗಿ ಪಾಲಿಸುತ್ತಾ ಬಂದವರು. ಸ್ಟೋರ್ನೊವೇಗೆ ಭಾನುವಾರದ ಹಡಗು ಶುರುವಾಗಿದ್ದೇ 2009ರಲ್ಲಿ, ಅದೂ ದೊಡ್ಡ ವಿರೋಧದ ನಡುವೆ. ಈಗ ಸ್ವಲ್ಪ ಸಡಿಲವಾಗಿದೆ. ಆದರೂ ಆ ದಿನ ಊರ ಬಸ್ಸುಗಳು ಓಡುವುದಿಲ್ಲ, ಅಂಗಡಿ, ಹೋಟೆಲ್ ಹೆಚ್ಚಿನವು ಮುಚ್ಚಿರುತ್ತವೆ. ಸೋಮವಾರ ಬಂದು ಶನಿವಾರದೊಳಗೆ ಹೊರಡುವ ಹಾಗೆ ಲೆಕ್ಕ ಹಾಕಿದರೆ ತಲೆನೋವಿಲ್ಲ. ಭಾನುವಾರ ಉಳಿಯಲೇಬೇಕಾದರೆ ಶನಿವಾರವೇ ಹಾಲು, ಬ್ರೆಡ್, ತರಕಾರಿ ತಂದಿಟ್ಟುಕೊಳ್ಳಿ.

ತಿಂಗಳು? ನನ್ನ ಮತ ಮೇ ಕೊನೆಯಿಂದ ಜೂನ್‌ವರೆಗೆ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ, ಹಾಗಾಗಿ ಊಟ ಮುಗಿಸಿಯೂ ಸುತ್ತಾಡಬಹುದು. ಒಂದೇ ಕಾಟ, ಮಿಡ್ಜ್ ಎಂಬ ಸಣ್ಣ ಕಚ್ಚುವ ನೊಣ. ಗಾಳಿ ನಿಂತ ಸಂಜೆ ಮುತ್ತಿಕೊಳ್ಳುತ್ತದೆ. ಗಾಳಿ ಬೀಸುತ್ತಿದ್ದರೆ ಅದರ ಸುಳಿವೇ ಇರುವುದಿಲ್ಲ, ಮತ್ತು ಲೂಯಿಸ್‌ನಲ್ಲಿ ಗಾಳಿಗೆ ಬರವಿಲ್ಲ. ಕೊಡೆ ಬೇಡ, ತಿರುಗಿ ಮುರಿಯುತ್ತದೆ. ಟೋಪಿ ಇರುವ ಮಳೆ ಜಾಕೆಟ್ ತನ್ನಿ.

ಆಮೇಲೆ ದಾರಿ

ವೀಸಾ ಬ್ರಿಟನ್‌ದೇ. ಸ್ಕಾಟ್ಲೆಂಡಿಗೆ, ದ್ವೀಪಕ್ಕೆ ಬೇರೆ ಪರವಾನಗಿ ಬೇಡ. ಬೆಂಗಳೂರಿನಿಂದ ಲಂಡನ್, ಅಲ್ಲಿಂದ ರೈಲಿನಲ್ಲಿ ಇನ್ವರ್ನೆಸ್. ಲಂಡನ್ ಯೂಸ್ಟನ್‌ನಿಂದ ರಾತ್ರಿ ಹೊರಡುವ ಸ್ಲೀಪರ್ ರೈಲು ಹತ್ತಿದರೆ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ. ಇನ್ವರ್ನೆಸ್‌ನಿಂದ ಅಲಾಪೂಲ್ ಬಂದರಿಗೆ ಬಸ್ಸಿದೆ, ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಕ್ಯಾಲ್‌ಮ್ಯಾಕ್ ಕಂಪನಿಯ ಹಡಗಿನಲ್ಲಿ ಎರಡೂ ಮುಕ್ಕಾಲು ಗಂಟೆ ಪಯಣ ಮಾಡಿದರೆ ಸ್ಟೋರ್ನೊವೇ.

ಕಾರು ಹಡಗಿಗೆ ಹಾಕುವುದಾದರೆ ಬೇಸಿಗೆಯಲ್ಲಿ ಬಹಳ ಮುಂಚೆ ಜಾಗ ಕಾಯ್ದಿರಿಸಿ. ಬರೀ ಕಾಲ್ನಡಿಗೆಯವರಿಗೆ ಅಷ್ಟು ಕಷ್ಟವಿಲ್ಲ. ಹವಾಮಾನ ಕೆಟ್ಟರೆ ಹಡಗು ರದ್ದಾಗುತ್ತದೆ. ಅದಕ್ಕೇ ವಾಪಸ್ ವಿಮಾನಕ್ಕೂ ದ್ವೀಪ ಬಿಡುವ ದಿನಕ್ಕೂ ನಡುವೆ ಒಂದು ದಿನವಾದರೂ ಖಾಲಿ ಇಡಿ. ಇದನ್ನು ಮಾತ್ರ ಜಿಪುಣತನ ಮಾಡಬೇಡಿ.

ಸ್ಟೋರ್ನೊವೇಯಿಂದ ಪಶ್ಚಿಮ ಕರಾವಳಿಯನ್ನು ಸುತ್ತುವ ಬಸ್ಸಿದೆ. ಕ್ಯಾಲನಿಶ್, ಗ್ಯಾರೆನಿನ್ ಪಕ್ಕದ ಕಾರ್ಲೋವೇ, ಆರ್ನೊಲ್ ಎಲ್ಲ ಅದೇ ದಾರಿಯಲ್ಲಿ ಸಿಗುತ್ತವೆ. ಆದರೆ ದಿನಕ್ಕೆ ಕೆಲವೇ ಬಸ್ಸು, ಸಮಯ ಬರೆದಿಟ್ಟುಕೊಳ್ಳಿ. ಬೋರ್ಡುಗಳಲ್ಲಿ ಇಲ್ಲಿನ ಗೇಲಿಕ್ ಭಾಷೆಯ ಹೆಸರು ಮೊದಲು, ಇಂಗ್ಲಿಷಿನದು ಆಮೇಲೆ ಬರುತ್ತದೆ, ಎರಡೂ ಹೆಸರು ಗೊತ್ತಿದ್ದರೆ ಇಳಿಯುವ ಜಾಗ ತಪ್ಪುವುದಿಲ್ಲ. ಸ್ವಂತ ಡ್ರೈವಿಂಗ್ ಮಾಡುವವರಿಗೆ ನಮ್ಮ ಲೈಸೆನ್ಸೇ ಸಾಕು, ಎಡಗಡೆಯಲ್ಲೇ ಓಡಿಸುವುದು ಕೂಡ. ಒಂದೇ ಗಾಡಿ ಹಿಡಿಸುವ ರಸ್ತೆಗಳಲ್ಲಿ ಅಲ್ಲಲ್ಲಿ ಅಗಲದ ಜಾಗ ಬಿಟ್ಟಿರುತ್ತಾರೆ. ಎದುರಿನ ಗಾಡಿಗೆ ಅಲ್ಲಿ ನಿಂತು ದಾರಿ ಕೊಡಿ, ಅವರು ಕೊಟ್ಟರೆ ಕೈ ಎತ್ತಿ. ಫೋಟೋ ತೆಗೆಯಲು ಅಲ್ಲಿ ಕಾರು ನಿಲ್ಲಿಸಿದರೆ ಊರವರಿಗೆ ಸಿಟ್ಟು ಬರುತ್ತದೆ.

ಹಳ್ಳಿಯಲ್ಲಿ

ಗ್ಯಾರೆನಿನ್‌ನ ಈ ಹುಲ್ಲುಮನೆಗಳಿಗೆ ಬ್ಲ್ಯಾಕ್‌ಹೌಸ್ ಎನ್ನುತ್ತಾರೆ. ಗಾರೆಯಿಲ್ಲದೆ ಕಟ್ಟಿದ ಎರಡು ಕಲ್ಲುಗೋಡೆ, ನಡುವೆ ಮಣ್ಣು. ಗಾಳಿಗೆ ಹಾರಬಾರದು ಅಂತ ಚಾವಣಿಯ ಹಗ್ಗಗಳಿಗೆ ಕಲ್ಲು ಕಟ್ಟುತ್ತಾರೆ. ಬಯಲುಸೀಮೆಯ ಹಳೇ ಮನೆಗಳ ಹಾಗೆ ದನಕ್ಕೂ ಜನಕ್ಕೂ ಒಂದೇ ಸೂರು. ಕೊನೆಯ ನಿವಾಸಿಗಳು ಹೊರಟಿದ್ದು 1974ರಲ್ಲಿ. ಮನೆಗಳನ್ನು ಆಮೇಲೆ ದುರಸ್ತಿ ಮಾಡಿ ಒಂದರಲ್ಲಿ ಮ್ಯೂಸಿಯಂ ಇಟ್ಟರು, ಕೆಲವನ್ನು ಬಾಡಿಗೆಗೆ ಕೊಡುತ್ತಾರೆ. ಸಾಧ್ಯವಾದರೆ ಅಲ್ಲೇ ತಂಗಿ. ಟೂರ್ ಬಸ್ಸುಗಳು ಹೋದ ಮೇಲೆ ಹಳ್ಳಿ ನಿಮ್ಮದೇ.

ಬೆಳಿಗ್ಗೆ ಕಡಲ ಅಂಚಿನ ಕಾಲುದಾರಿ ಹಿಡಿದು ಡಾಲ್ಮೋರ್ ಮರಳತೀರದ ಕಡೆ ನಡೆಯಿರಿ. ಕೆಸರಿರುತ್ತದೆ, ಸ್ನೀಕರ್ ಸಾಲದು. ಮರುದಿನ ಆರ್ನೊಲ್‌ಗೆ. ಅಲ್ಲಿನ 42ನೇ ನಂಬರಿನ ಮನೆಯಲ್ಲಿ 1960ರ ದಶಕದವರೆಗೂ ಜನ ವಾಸವಿದ್ದರು. ಚಿಮಣಿ ಇಲ್ಲದ ಮನೆ, ನಡುವೆ ಪೀಟ್ ಎಂಬ ಜೌಗುಮಣ್ಣಿನ ಬೆರಣಿ ಉರಿಯುತ್ತದೆ. ಹೊಗೆ ಹಿಡಿದ ಹಳೇ ಹುಲ್ಲನ್ನು ಕಿತ್ತು ಹೊಲಕ್ಕೆ ಗೊಬ್ಬರ ಮಾಡುತ್ತಿದ್ದರಂತೆ. ಗ್ಯಾರೆನಿನ್ ನೋಡಲು ಚೆಂದ, ಬದುಕು ಹೇಗಿತ್ತು ಅಂತ ತಿಳಿಯಲು ಆರ್ನೊಲ್ಲೇ ಸರಿ. ಬಟ್ಟೆಗೆ ಹೊಗೆ ವಾಸನೆ ಅಂಟುತ್ತದೆ, ಅಷ್ಟೇ. ಇನ್ನು ಕ್ಯಾಲನಿಶ್‌ನಲ್ಲಿ ಆದಿಕಾಲದವರು ನೆಟ್ಟ ಎತ್ತರದ ಕಲ್ಲುಗಳಿಗೆ ಸುಮಾರು 5,000 ವರ್ಷ. ಸಂಜೆ ಹೋಗಿ, ಆಗ ಜನ ಕಡಿಮೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಸ್ಟೋರ್ನೊವೇ ಬ್ಲ್ಯಾಕ್ ಪುಡ್ಡಿಂಗ್ ಎಂಬ ಹೆಸರು ಕೇಳಿ ಸಿಹಿ ಅಂದುಕೊಂಡು ತಟ್ಟೆಗೆ ಹಾಕಿಕೊಳ್ಳಬೇಡಿ. ಅದು ರಕ್ತ, ಕೊಬ್ಬು, ಓಟ್ಸ್ ಸೇರಿಸಿ ಮಾಡುವುದು. ಸೂಪ್ ಕೇಳಿದಾಗಲೂ ಮಾಂಸದ ಸಾರಿನದಾ ಅಂತ ವಿಚಾರಿಸಿ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು, ಅಕ್ಕಿ, ಬೇಳೆ, ಸಾರಿನ ಪುಡಿ ಒಯ್ದರೆ ಆರಾಮ.

ಏನಾದರೂ ಕೊಳ್ಳುವುದಾದರೆ ಹ್ಯಾರಿಸ್ ಟ್ವೀಡ್ ಕೊಳ್ಳಿ. 1993ರ ಕಾಯ್ದೆಯ ಪ್ರಕಾರ ಈ ದ್ವೀಪಗಳ ನೇಕಾರರು ತಮ್ಮ ಮನೆಯಲ್ಲೇ ನೇಯ್ದ ಉಣ್ಣೆ ಬಟ್ಟೆಗೆ ಮಾತ್ರ ಆ ಹೆಸರು. ಶಿಲುಬೆ ಇರುವ ಗೋಳದ ಮುದ್ರೆ ಇದೆಯಾ ನೋಡಿ. ಕೋಟು ದುಬಾರಿ, ಪರ್ಸ್ ಆದೀತು. ಚಿಲ್ಲರೆಯಾಗಿ ಸ್ಕಾಟ್ಲೆಂಡಿನ ಬ್ಯಾಂಕುಗಳ ನೋಟು ಕೊಟ್ಟರೆ ಅಲ್ಲೇ ಖರ್ಚು ಮಾಡಿಬಿಡಿ, ಭಾರತದಲ್ಲಿ ಬದಲಾಯಿಸಿಕೊಳ್ಳುವುದು ಕಷ್ಟ.